ದೋಣಿಲಿ ಮನೆ ಮಾಡೋರು ಮೊದ್ಲು ಉಪ್ಪಿನ ಪಸೆ ನೋಡ್ಕೊಳ್ಳಿ

ನನ್ನ ತಂಗಿ ಮಗಳು, ಅವಳ ಗಂಡ ಇಬ್ರೂ ಟ್ಯಾಂಪಾದಲ್ಲಿ ಕೆಲ್ಸದಲ್ಲಿದಾರೆ, ಈಗ ಒಂದು ಹಳೇ ಹಾಯಿದೋಣಿ ತಗೊಂಡು ಅದರಲ್ಲೇ ಮನೆ ಮಾಡ್ಬೇಕು ಅಂತ ಹೊರಟಿದಾರೆ. ಫೋನ್ ಮಾಡಿದಾಗೆಲ್ಲ ದೊಡ್ಡಮ್ಮಾ ಬಿರುಗಾಳಿ ಬಂದ್ರೆ ಹೇಗೆ, ಶಾರ್ಕ್ ಬಂದ್ರೆ ಹೇಗೆ ಅಂತ ಕೇಳ್ತಾಳೆ. ಅಮೆರಿಕದ ಫ್ಲಾರಿಡಾದ ಈ ಪಶ್ಚಿಮ ಕರಾವಳಿ, ಅಂದ್ರೆ ಗಲ್ಫ್ ಕಡೆ, ಶಾರ್ಲೆಟ್ ಹಾರ್ಬರ್, ಪೈನ್ ಐಲ್ಯಾಂಡ್ ಸೌಂಡ್ ಅನ್ನೋ ಕೊಲ್ಲಿಗಳ ಸುತ್ತಮುತ್ತ ನಾನು ನಮ್ಮನೆಯವರು ಏಳು ಚಳಿಗಾಲ 36 ಅಡಿ ದೋಣಿಲಿ ಸಂಸಾರ ಮಾಡಿದೀವಿ, ಬಿರುಗಾಳಿಗೆ ಹೆದರಿ ದೋಣಿ ಮಾರಿದೋರನ್ನ ನಾನು ನೋಡಿದ್ದು ಕಮ್ಮಿ, ಹಾಸಿಗೆ ಯಾವಾಗ್ಲೂ ಹಸಿ, ಬಟ್ಟೆ ಮುಗ್ಗಲು, ಅಕ್ಕಿಲಿ ಹುಳ, ಟಾಯ್ಲೆಟ್ ವಾಸನೆ ಅಂತ ಬೇಜಾರಾಗಿ ಬಿಟ್ಟು ಹೋದೋರೇ ಜಾಸ್ತಿ. ಅದಕ್ಕೇ ಮೊದ್ಲು ಮನೆವಾರ್ತೆ ಕಲ್ಕೊಳ್ಳಿ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಾನು ಹುಟ್ಟಿ ಬೆಳೆದಿದ್ದು ಹೊನ್ನಾವರದ ಕಡೆ. ಮಳೆಗಾಲದಲ್ಲಿ ಆಯಿ ಉಪ್ಪಿನ ಭರಣಿನ ಒಲೆ ಪಕ್ಕದಿಂದ ಅಲ್ಲಾಡ್ಸೋಕೆ ಬಿಡ್ತಿರ್ಲಿಲ್ಲ, ಯಾಕಂದ್ರೆ ಗೋಡೆ ಬದಿಗಿಟ್ರೆ ಎರಡೇ ದಿನಕ್ಕೆ ಉಪ್ಪು ನೀರಾಗ್ತಿತ್ತು. ದೋಣಿಲಿ ಆಗೋದೂ ಅದೇ. ಸಮುದ್ರದ ನೀರು ತಾಗಿದ ಬಟ್ಟೆ ಬಿಸಿಲಿಗೆ ಹಾಕಿದ್ರೆ ಗರಿಗರಿ ಒಣಗಿದ ಹಾಗೆ ಕಾಣತ್ತೆ, ಆದ್ರೆ ನೂಲಿನೊಳಗೆ ಉಪ್ಪು ಉಳ್ಕೊಂಡಿರತ್ತೆ, ಸಂಜೆ ತಂಪಾಗ್ತಿದ್ದ ಹಾಗೆ ಆ ಉಪ್ಪು ಗಾಳಿಲಿರೋ ಪಸೆ ಎಲ್ಲ ಎಳ್ಕೊಂಡು ಬಟ್ಟೆ ಮತ್ತೆ ಒದ್ದೆ. ಸಿಹಿನೀರಲ್ಲಿ ಒಂದ್ಸಲ ಅದ್ದಿ ಹಿಂಡೋ ತನಕ ಅದು ಒಣಗೋದೇ ಇಲ್ಲ, ಎಷ್ಟು ದಿನ ಬಿಸಿಲಿಗೆ ಹಾಕಿದ್ರೂ ಅಷ್ಟೇ. ಅದಕ್ಕೆ ನಮ್ಮಲ್ಲೊಂದು ನಿಯಮ ಇದೆ, ಈಜಿ ಬಂದೋರು ಇರ್ಲಿ, ಲಂಗರು ಎತ್ತಿ ಬಂದೋರು ಇರ್ಲಿ, ಹೊರಗೆ ಕಾಕ್‌ಪಿಟ್ಟಲ್ಲೇ, ಅಂದ್ರೆ ಚುಕ್ಕಾಣಿ ಹಿಡಿದು ಕೂರೋ ತೆರೆದ ಜಾಗದಲ್ಲೇ, ಒಂದು ಚೊಂಬು ಸಿಹಿನೀರು ಮೈಮೇಲೆ ಹಾಕ್ಕೊಂಡು ಒರೆಸ್ಕೊಂಡು ಬಟ್ಟೆ ಬದಲಾಯಿಸ್ದೆ ಕೆಳಗಿಳಿಯೋ ಹಾಗಿಲ್ಲ. ಉಪ್ಪು ಮೈಲಿ ಹಾಸಿಗೆ ಮೇಲೆ ಕೂತ್ರೆ ಆ ಹಾಸಿಗೆ ಅಲ್ಲಿಂದಾಚೆ ಪ್ರತಿ ರಾತ್ರಿ ಹಸಿ ಹಸಿ ಅನ್ಸತ್ತೆ.

ಇದನ್ನ ನಾನು ಪಾಠ ಕಲಿತೇ ಹೇಳ್ತಿರೋದು. ಎರಡನೇ ವರ್ಷ ಬೋಕಾ ಗ್ರ್ಯಾಂಡ್ ಪಾಸ್ ದಾಟಿ ಸಮುದ್ರಕ್ಕೆ ಹೊರಟಿದ್ವಿ. ಅದು ಅಂದ್ರೆ ನಮ್ಮ ಶರಾವತಿ ಅಳಿವೆ ಇದ್ದ ಹಾಗೆ ಅಂದ್ಕೊಳ್ಳಿ, ಹಾರ್ಬರಿನ ಬಹುಪಾಲು ನೀರು ಆ ಒಂದು ಬಾಯಲ್ಲಿ ಹೋಗಿ ಬರ್ಬೇಕು, ಇಳಿತದ ಹೊತ್ತಲ್ಲಿ ಪಶ್ಚಿಮದ ಗಾಳಿ ಎದುರಿಗೆ ಬಂತು ಅಂದ್ರೆ ಅಲೆ ಗೋಡೆ ಥರ ನಿಂತ್ಕೊಳ್ಳತ್ತೆ. ಮುಂದಿನ ಹ್ಯಾಚು, ಅಂದ್ರೆ ಛಾವಣಿ ಕಿಂಡಿ ಮುಚ್ಚಳ, ಅರ್ಧ ತೆಗೆದೇ ಇದೆ ಅನ್ನೋದು ಮರ್ತೇ ಹೋಗಿತ್ತು, ಒಂದೇ ಅಲೆಗೆ ಮಲಗೋ ಜಾಗದ ಫೋಮು ಪೂರ್ತಿ ನೆನೀತು. ಆಮೇಲೆ ಪುಂಟಾ ಗೋರ್ಡಾ ಊರಿಗೆ ವಾಪಸ್ ಬಂದು ಡಾಕಲ್ಲಿ ಪೈಪು ಹಿಡಿದು ಆ ಫೋಮನ್ನ ಮೂರ್ಮೂರು ಸಲ ಸಿಹಿನೀರಲ್ಲಿ ತುಳಿದು ತುಳಿದು ತೊಳೆದು, ನಾಲ್ಕು ದಿನ ನಿಲ್ಲಿಸಿ ಒಣಗಿಸಿದ್ದಾಯ್ತು. ಅವತ್ತಿಂದ ಯಾವ ಪಾಸ್ ದಾಟೋದಾದ್ರೂ ಅರ್ಧ ಗಂಟೆ ಮುಂಚೆ ನಾನೇ ಮುಂದಿಂದ ಹಿಂದಿನ ತನಕ ನಡ್ಕೊಂಡು ಹೋಗಿ ಒಂದೊಂದು ಹ್ಯಾಚನ್ನೂ ಕೈಯಲ್ಲಿ ಒತ್ತಿ ನೋಡ್ತೀನಿ, ಕಣ್ಣಲ್ಲಿ ನೋಡಿದ್ರೆ ಸಾಲಲ್ಲ.

ಇನ್ನು ಬೂಷ್ಟು. ಹಾಸಿಗೆ ಅಡಿಗೆ ಗಾಳಿ ಆಡ್ಬೇಕು, ಹಲಗೆ ಮೇಲೆ ನೇರ ಫೋಮ್ ಹಾಕಿದ್ರೆ ಮೈಬಿಸಿ ಮೇಲಿಂದ, ನೀರಿನ ತಂಪು ಕೆಳಗಿಂದ, ನಡುವೆ ಬೆವರು ಕಟ್ಟಿ ಹದಿನೈದು ದಿನದಲ್ಲಿ ಕಪ್ಪು ಚುಕ್ಕೆ ಬರತ್ತೆ. ಪ್ಲಾಸ್ಟಿಕ್ ಜಾಲರಿ ಥರದ ಮ್ಯಾಟ್ ಸಿಗತ್ತೆ, ಅದನ್ನ ಅಡಿಗೆ ಹಾಸಿ, ದಿನಾ ಬೆಳಿಗ್ಗೆ ಹಾಸಿಗೆನ ಒಂದು ಗಂಟೆ ಎತ್ತಿ ನಿಲ್ಸಿ. ವಾರಕ್ಕೊಂದು ದಿನ, ನಾವು ಶುಕ್ರವಾರ ಇಟ್ಕೊಂಡಿದೀವಿ, ಎಲ್ಲ ಲಾಕರ್ ಬಾಗಿಲೂ ತೆಗೆದಿಟ್ಟು, ಬಿಳಿ ವಿನೆಗರಿಗೆ ಅರ್ಧಕ್ಕರ್ಧ ನೀರು ಬೆರ್ಸಿ ಬಟ್ಟೆಲಿ ಒರೆಸಿ. ಬ್ಲೀಚ್ ಬೇಡ, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟತ್ತೆ, ಸ್ಟೀಲಿಗೂ ಒಳ್ಳೇದಲ್ಲ. ವಿನೆಗರ್ ಜೊತೆ ಬ್ಲೀಚ್ ಸೇರ್ಸೋದಂತೂ ಯಾವತ್ತೂ ಬೇಡ, ವಿಷದ ಗಾಳಿ ಬರತ್ತೆ.

ನೀರಿನ ಲೆಕ್ಕ ಹೇಳ್ತೀನಿ. ನಮ್ಮ ಟ್ಯಾಂಕು 80 ಗ್ಯಾಲನ್, ಅಂದ್ರೆ ಸುಮಾರು 300 ಲೀಟರ್. ಊರಲ್ಲಿ ಬಾವಿಯಿಂದ ಸೇದಿ ನೀರು ತರ್ತಿದ್ದೋರಿಗೆ ಅದು ಧಾರಾಳ ಅನ್ಸತ್ತೆ, ನಲ್ಲಿ ತಿರುಗ್ಸಿ ಅಭ್ಯಾಸ ಆದೋರಿಗೆ ನಾಲ್ಕು ದಿನಕ್ಕೆ ಖಾಲಿ. ನಾವಿಬ್ರೂ ಅದನ್ನ ಮೂರು ವಾರ ಓಡಿಸ್ತೀವಿ. ಕರೆಂಟ್ ಪಂಪಿನ ಸ್ವಿಚ್ ಆಫ್ ಮಾಡಿ ಕಾಲಲ್ಲಿ ಒತ್ತೋ ಪಂಪ್ ಬಳಸಿ, ಒತ್ತಿದಷ್ಟೇ ಬರತ್ತೆ. ಪಾತ್ರೆ ಮೊದ್ಲು ಸಮುದ್ರದ ನೀರಲ್ಲಿ ತಿಕ್ಕಿ ಕೊನೆಗೊಂದು ಲೋಟ ಸಿಹಿನೀರಲ್ಲಿ ಜಾಲಿಸಿ ತೆಗೀರಿ. ಮೈ ಸೋಪು ಉಪ್ಪುನೀರಲ್ಲಿ ನೊರೆ ಬರ್ದೆ ಜಿಡ್ಡಾಗಿ ಕೂರತ್ತೆ, ಪಾತ್ರೆ ತೊಳೆಯೋ ಲಿಕ್ವಿಡ್ ಚೆನ್ನಾಗಿ ನೊರೆ ಬರತ್ತೆ, ತಲೆ ಸ್ನಾನಕ್ಕೂ ಆ ಲೆಕ್ಕ ನೆನಪಿರ್ಲಿ. ಆದ್ರೆ ಮರೀನಾ, ಅಂದ್ರೆ ದೋಣಿ ಕಟ್ಟೋ ಬಂದರು, ಅದರ ಒಳಗಿನ ನೀರು, ನದಿ ಬಾಯಿ ಹತ್ರದ ನೀರು, ರೆಡ್ ಟೈಡ್ ಅನ್ನೋ ವಿಷದ ಪಾಚಿ ಹೆಚ್ಚಿರೋವಾಗಿನ ನೀರು ಪಾತ್ರೆಗೆ ಮುಟ್ಟಿಸ್ಬೇಡಿ. ರೆಡ್ ಟೈಡ್ ಬಂದಾಗ ಗೊತ್ತಾಗೇ ಆಗತ್ತೆ, ಸತ್ತ ಮೀನು ತೇಲತ್ತೆ, ಗಂಟಲು ಕೆರೆದು ಕೆಮ್ಮು, ಕಣ್ಣುರಿ. ಉಬ್ಬಸ ಇರೋರು ಅವತ್ತೇ ಲಂಗರು ಎತ್ತಿ ಬೇರೆ ಕಡೆ ಹೋಗ್ಬಿಡಿ, ನಾಳೆ ಸರಿ ಹೋಗತ್ತೆ ಅಂತ ಕೂರ್ಬೇಡಿ.

ಅಡಿಗೆಗೆ ಕುಕ್ಕರ್ ಇಲ್ದೆ ದೋಣಿ ಹತ್ಬೇಡಿ ಅಂತ ನಾನು ಎಲ್ರಿಗೂ ಹೇಳ್ತೀನಿ. ಗ್ಯಾಸೂ ಉಳಿಯತ್ತೆ, ನೀರೂ ಉಳಿಯತ್ತೆ, ಒಳಗೆ ಹಬೆ ತುಂಬಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಳ ಬಿಗಿಯಾಗಿರತ್ತೆ, ದೋಣಿ ವಾಲಿದ್ರೂ ಕುದಿಯೋ ಸಾರು ಕಾಲ್ಮೇಲೆ ಬೀಳಲ್ಲ. ಒಂದು ಸೀಟಿ ಆದ್ಮೇಲೆ ಆರ್ಸಿ ಟವೆಲ್ ಸುತ್ತಿಟ್ರೆ ಬೇಳೆ ಅದರ ಬಿಸಿಗೇ ಬೇಯತ್ತೆ. ಒಗ್ಗರಣೆ, ಕರಿಯೋದು ಎಲ್ಲ ಲಂಗರು ಹಾಕಿ ನಿಂತಾಗ ಮಾತ್ರ, ಸಾಗ್ತಿರೋವಾಗ ಕಾದ ಎಣ್ಣೆ ಹತ್ರ ಹೋಗ್ಲೇಬೇಡಿ. ಸಾಗೋ ದಿನ ಬೆಳಿಗ್ಗೇನೇ ಮೊಸರನ್ನ ಇಲ್ಲ ಚಿತ್ರಾನ್ನ ಕಲಸಿಡಿ. ಹಿಟ್ಟು ಹುದುಗೋಕೆ ಇಲ್ಲಿ ಓವನ್ ಲೈಟು ಗೀಟು ಏನೂ ಬೇಡ, ಏಪ್ರಿಲಲ್ಲಿ ಆರು ಗಂಟೆ ಸಾಕು, ರಾತ್ರಿ ರುಬ್ಬಿಟ್ರೆ ಬೆಳಿಗ್ಗೆ ಉಕ್ಕಿ ಲಾಕರ್ ತುಂಬ ಹರಿಯತ್ತೆ, ಅದಕ್ಕೆ ಮಧ್ಯಾಹ್ನ ರುಬ್ಬಿ ಸಂಜೆನೇ ದೋಸೆ ಹೊಯ್ಯಿರಿ. ಮಧ್ಯಾಹ್ನ ಯಾಕಂದ್ರೆ 750 ವಾಟ್ ಮಿಕ್ಸಿ ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ 60 ಆಂಪಿಗಿಂತ ಜಾಸ್ತಿ ಎಳೆಯತ್ತೆ, ಸೋಲಾರ್ ಪ್ಯಾನೆಲ್ ಮೇಲೆ ಬಿಸಿಲು ನೆಟ್ಟಗೆ ಬೀಳೋ ಹೊತ್ತಲ್ಲೇ ಆ ಕೆಲ್ಸ ಮುಗಿಸ್ಬೇಕು. ಹಳೇ ಥರದ ಲೆಡ್ ಬ್ಯಾಟರಿ ಇದ್ರೆ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡ್ಬೇಡಿ, ಬೇಗ ಸಾಯತ್ತೆ.

ಗ್ಯಾಸಿನ ವಿಷ್ಯ ಮಾತ್ರ ಎರಡು ಸಲ ಓದಿ. ಪ್ರೊಪೇನ್ ಗಾಳಿಗಿಂತ ಭಾರ. ಮನೆಲಿ ಸೋರಿದ್ರೆ ಕಿಟಕಿ ಬಾಗಿಲಿಂದ ಆಚೆ ಹೋಗೋ ದಾರಿ ಇರತ್ತೆ, ದೋಣಿಲಿ ಅದು ನೀರಿನ ಥರ ಕೆಳಗಿಳಿದು ಬಿಲ್ಜಲ್ಲಿ, ಅಂದ್ರೆ ದೋಣಿ ತಳದ ಗುಂಡಿಲಿ, ನಿಲ್ಲತ್ತೆ, ಅಲ್ಲೇ ಬಿಲ್ಜ್ ಪಂಪು, ವೈರು ಎಲ್ಲ ಇರೋದು, ಒಂದು ಕಿಡಿ ಸಾಕು. ಅಡಿಗೆ ಮುಗೀತಿದ್ದ ಹಾಗೆ ಮೊದ್ಲು ಹೊರಗಿನ ಸಿಲಿಂಡರ್ ಬಂದ್ ಮಾಡಿ, ಪೈಪಲ್ಲಿರೋ ಗ್ಯಾಸ್ ಉರಿದು ಜ್ವಾಲೆ ತಾನಾಗೇ ಆರ್ಲಿ, ಆಮೇಲೆ ಒಲೆ ನಾಬು. ಪ್ರತಿ ಸಲವೂ ಹೀಗೇ. ಒಲೆನ ಚಳಿ ಕಾಯೋಕೆ ಹಚ್ಬೇಡಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗೋ ಕಡೆ ಒಂದು ಇರ್ಲೇಬೇಕು.

ಸಾಮಾನು ತುಂಬೋವಾಗ ರಟ್ಟಿನ ಡಬ್ಬ ಒಂದೂ ದೋಣಿ ಒಳಗೆ ಬರ್ಬಾರ್ದು, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರತ್ತೆ, ಒಂದ್ಸಲ ಬಂತೋ ದೋಣಿ ಮೂಲೆ ಮೂಲೆಲೂ ಸೇರ್ಕೊಂಡ್ಬಿಡತ್ತೆ. ಡಾಕ್ ಮೇಲೇ ಎಲ್ಲ ಬಿಚ್ಚಿ ಬೇರೆ ಡಬ್ಬಕ್ಕೆ ಸುರೀರಿ. ಅಕ್ಕಿ, ಬೇಳೆ, ರವೆ ದಡದ ಮನೆ ಫ್ರೀಜರಲ್ಲಿ ನಾಲ್ಕು ದಿನ ಇಟ್ಟು, ಹೊರಗೆ ತೆಗೆದ ಮೇಲೆ ಪ್ಯಾಕೆಟ್ ಬಿಚ್ದೆ ಒಂದಿಡೀ ದಿನ ಬಿಡಿ, ಇಲ್ದಿದ್ರೆ ತಂಪಿಗೆ ಪಸೆ ಕಟ್ಟತ್ತೆ, ಆಮೇಲೆ ಬಿಗಿ ಡಬ್ಬಕ್ಕೆ ಹಾಕಿ ನಾಲ್ಕು ಒಣಮೆಣಸು. ರವೆ ಹುರಿದೇ ಇಡಿ. ಟಿನ್ನುಗಳ ಮೇಲಿನ ಕಾಗದ ಪಸೆಗೆ ಕಳಚ್ಕೊಂಡು ಹೋಗತ್ತೆ, ಮಾರ್ಕರಲ್ಲಿ ಮುಚ್ಚಳದ ಮೇಲೆ ಬರೀರಿ. ಹಪ್ಪಳ ಸಂಡಿಗೆ ಇಲ್ಲಿ ಎರಡೇ ವಾರ ಬಾಳೋದು, ಉಪ್ಪಿನಕಾಯಿಗೆ ಎಣ್ಣೆ ಒಂದು ಬೆರಳು ಮೇಲೇ ನಿಂತಿರ್ಲಿ.

ಟಾಯ್ಲೆಟ್ ಬಗ್ಗೆ ಮಾತಾಡೋಕೆ ಎಲ್ರಿಗೂ ಸಂಕೋಚ, ಆದ್ರೆ ಅರ್ಧ ಜಗಳ ಅಲ್ಲೇ ಶುರುವಾಗೋದು. ಪೇಪರ್ ಬುಟ್ಟಿಗೆ, ಕಮೋಡಿಗಲ್ಲ. ಕೈಪಂಪಿನ ಹ್ಯಾಂಡಲ್ ಐದಾರು ಸಲ ಒತ್ತಿ ಬಿಡ್ಬೇಡಿ, ಪೈಪ್ ಪೂರ್ತಿ ಖಾಲಿಯಾಗೋ ಹಾಗೆ ಇಪ್ಪತ್ತು ಸಲ ಒತ್ತಿ. ವಾರಕ್ಕೊಂದ್ಸಲ ರಾತ್ರಿ ಎರಡು ಲೋಟ ವಿನೆಗರ್ ಹಾಕಿ ಬಿಡಿ, ಪೈಪೊಳಗೆ ಸುಣ್ಣದ ಥರ ಕಟ್ಟೋದು ಕರಗತ್ತೆ. ದೋಣಿ ಬಿಟ್ಟು ಊರಿಗೆ ಹೋಗೋವಾಗ ಕೊನೇಲಿ ಸಿಹಿನೀರು ಹಾಕಿ ಒತ್ತಿ ಹೋಗಿ, ಪೈಪಲ್ಲಿ ನಿಂತ ಸಮುದ್ರದ ನೀರಲ್ಲಿರೋ ಸಣ್ಣ ಜೀವಗಳು ಸತ್ತೇ ಆ ಕೊಳೆತ ಮೊಟ್ಟೆ ವಾಸನೆ ಬರೋದು. ಗಲ್ಫ್ ಕಡೆ ದಡದಿಂದ 9 ನಾಟಿಕಲ್ ಮೈಲಿ ತನಕ ರಾಜ್ಯದ ನೀರು, ಅದರಲ್ಲಿ ಹೊಲಸು ಬಿಡೋ ಹಾಗಿಲ್ಲ, ಹೊಲಸಿನ ಟ್ಯಾಂಕಿಗೆ ತುಂಬ್ಸಿ ಪಂಪ್ಔಟಲ್ಲೇ, ಅಂದ್ರೆ ಅದನ್ನ ಹೀರಿ ತೆಗೆಯೋ ಕಡೆಲೇ, ಖಾಲಿ ಮಾಡ್ಸಿ. ಮನಾಟಿ ಅನ್ನೋ ಕಡಲಹಸು, ಡಾಲ್ಫಿನ್ ಮರಿ ಕಟ್ಕೊಂಡು ಓಡಾಡೋ ನೀರು ಅದು, ಕಾನೂನು ಇಲ್ದಿದ್ರೂ ನಾವು ಬಿಡ್ಬಾರ್ದು.

ಲಂಗರು ಹಾಕೋದು ನಮ್ಮನೆಯವರ ಕೆಲ್ಸ, ಆದ್ರೆ ಲೆಕ್ಕ ನನಗೂ ಬಾಯಿಪಾಠ. ನೀರು 8 ಅಡಿ, ದೋಣಿ ಮೂತಿ ನೀರಿಂದ 4 ಅಡಿ ಮೇಲೆ, ಉಬ್ಬರಕ್ಕೆ 2 ಅಡಿ, ಒಟ್ಟು 14, ಅದಕ್ಕೆ ಏಳರಷ್ಟು 98 ಅಡಿ ಹಗ್ಗ ಬಿಡ್ಬೇಕು. ಕಡಲ ಹುಲ್ಲಿನ ಮೇಲೆ ಹಾಕ್ಬೇಡಿ, ಲಂಗರು ಕಚ್ಚಲ್ಲ, ಹುಲ್ಲೂ ಬೇರು ಸಮೇತ ಹೋಗತ್ತೆ, ಮನಾಟಿಗೆ ಅದೇ ಊಟ. ಬಿಳಿ ಮರಳು ಕಾಣೋ ಕಡೆ ಬಿಡಿ. ಚಳಿಗಾಲದಲ್ಲಿ ಉತ್ತರದಿಂದ ಕೋಲ್ಡ್ ಫ್ರಂಟ್ ಅನ್ನೋ ಚಳಿಗಾಳಿ ಬರೋ ಮುಂಚೆ ಗಾಳಿ ಹಿತವಾಗಿ ದಕ್ಷಿಣದಿಂದ ಬೀಸ್ತಿರತ್ತೆ, ಎಷ್ಟು ಚೆನ್ನಾಗಿದೆ ಅಂತ ಮಲಗ್ತೀರಿ, ನಡುರಾತ್ರಿ ಪಶ್ಚಿಮಕ್ಕೆ ತಿರುಗಿ ವಾಯುವ್ಯದಿಂದ ಜೋರಾಗಿ ಹೊಡೆಯತ್ತೆ, ಜೊತೆಗೆ ಆ ಗಾಳಿ ಕೊಲ್ಲಿ ನೀರನ್ನೇ ಹೊರಗೆ ತಳ್ಳಿ ಆಳ ಕಮ್ಮಿ ಮಾಡತ್ತೆ. ಅದಕ್ಕೆ ಇವತ್ತಿನ ಗಾಳಿ ನೋಡಿ ಜಾಗ ಹುಡುಕ್ಬೇಡಿ, ನಾಳೆ ಬರೋ ಗಾಳಿಗೆ ಮರೆ ಎಲ್ಲಿದೆ ನೋಡಿ. ಪೆಲಿಕನ್ ಬೇ ಥರ ಬಾಯಿ ಆಳ ಇಲ್ಲದ ಜಾಗಕ್ಕೆ ನೀರು ಏರ್ತಿರೋವಾಗ್ಲೇ ಹೋಗಿ, ತಳ ತಾಗಿದ್ರೂ ಒಂದು ಗಂಟೆಲಿ ಎದ್ದು ತೇಲತ್ತೆ. ಅಕ್ಟೋಬರ್ 15ರಿಂದ ಮೇ 1ರ ತನಕ ಸ್ಟೋನ್ ಕ್ರ್ಯಾಬ್ ಏಡಿ ಸೀಸನ್, ನೀರ್ತುಂಬ ಏಡಿ ಬೋನಿಗೆ ಕಟ್ಟಿದ ಬುರುಡೆ ತೇಲ್ತಿರತ್ತೆ, ಅದರ ಹಗ್ಗ ಪ್ರೊಪೆಲರಿಗೆ ಸುತ್ಕೊಂಡ್ರೆ ಮುಳುಗಿ ಕೊಯ್ಯೋದೇ ದಾರಿ, ರಾತ್ರಿ ಸಾಗೋದು ಬೇಡ.

ಸಂಜೆ ಗಾಳಿ ನಿಂತ್ರೆ ನೋ-ಸೀ-ಅಮ್ ಅನ್ನೋ ಕಣ್ಣಿಗೆ ಕಾಣದ ನುಸಿ ಬರತ್ತೆ, ಮಾಮೂಲಿ ಸೊಳ್ಳೆ ಪರದೆ ತೂತಲ್ಲಿ ಆರಾಮಾಗಿ ನುಗ್ಗತ್ತೆ, ಅದಕ್ಕೇ ಅಂತ ಇರೋ ಸಣ್ಣ ಕಣ್ಣಿನ ಜಾಲರಿನೇ ತಗೊಂಡು ಹೊತ್ತು ಮುಳುಗೋ ಮುಂಚೆ ಹಾಕಿ. ತೆಳು ನೀರಲ್ಲಿ ಇಳಿದು ನಡೆಯೋವಾಗ ಹೆಜ್ಜೆ ಎತ್ತಿ ಇಡ್ಬೇಡಿ, ಕಾಲು ಮರಳಲ್ಲಿ ಎಳ್ಕೊಂಡು ಹೋಗಿ, ಮರಳಡಿ ಮಲಗಿರೋ ತೊರಕೆ ಮೀನು ಸದ್ದಿಗೆ ಜಾರ್ಕೊಳ್ಳತ್ತೆ. ಚುಚ್ಚಿದ್ರೆ ತಣ್ಣೀರಲ್ಲ, ತಡ್ಕೊಳ್ಳೋ ಅಷ್ಟು ಬಿಸಿನೀರಲ್ಲಿ ಒಂದು ಗಂಟೆ ಕಾಲು ಇಳಿಬಿಡಿ, ಆ ವಿಷ ಬಿಸಿಗೆ ಕೆಡತ್ತೆ, ಮುಳ್ಳು ಒಳಗೇ ಉಳಿದಿದ್ರೆ ಕೀಳ್ದೆ ಆಸ್ಪತ್ರೆಗೆ ಹೋಗಿ.

ಬಿರುಗಾಳಿ ಬಗ್ಗೆ ಕೇಳಿದ್ಲಲ್ಲ, ಅದಕ್ಕೂ ಹೇಳ್ತೀನಿ. ಸೀಸನ್ ಜೂನ್ 1ರಿಂದ ನವೆಂಬರ್ 30. 2004ರ ಆಗಸ್ಟ್ 13ಕ್ಕೆ ಚಾರ್ಲಿ ಅನ್ನೋ ಬಿರುಗಾಳಿ ದಡಕ್ಕೆ ಬಂದಿದ್ದು ಕಾಯೋ ಕೋಸ್ಟಾ ದ್ವೀಪದಲ್ಲಿ, 2022ರ ಸೆಪ್ಟೆಂಬರ್ 28ಕ್ಕೆ ಇಯಾನ್ ಬಂದಿದ್ದೂ ಅಲ್ಲೇ, ನಾವು ಪ್ರತಿ ವರ್ಷ ಲಂಗರು ಹಾಕೋ ಜಾಗ ಅದು. ಇಯಾನ್ ಆದ್ಮೇಲೆ ಫೋರ್ಟ್ ಮೈಯರ್ಸ್ ಬೀಚಲ್ಲಿ ದೋಣಿ ಮೇಲೆ ದೋಣಿ ಬಿದ್ದಿದ್ದು ನೋಡಿ ನಾನು ಎರಡು ದಿನ ಊಟ ಮಾಡ್ಲಿಲ್ಲ. ಗಾಳಿ ಬರತ್ತೆ ಅಂದಾಗ ದೋಣಿ ಒಳಗೆ ಕೂತು ಕಾಪಾಡ್ತೀನಿ ಅನ್ಬೇಡಿ ಮಕ್ಕಳೇ, ದೋಣಿ ಹೋದ್ರೆ ಇನ್ನೊಂದು ಬರತ್ತೆ. ಮೇ ಕೊನೆಗೇ ನದಿ ಏರಿ ಒಳನಾಡಿನ ದೋಣಿ ಯಾರ್ಡಿಗೆ ಹೋಗಿ ದೋಣಿನ ನೆಲದ ಮೇಲೆ ಏರ್ಸಿ ಕಟ್ಸಿ, ಹಾಯಿ, ಬಿಸಿಲ ಛಾವಣಿ ಬಟ್ಟೆ ಎಲ್ಲ ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗ್ಸಿ ಮಡಚಿಡಿ. ಹಾಸಿಗೆ ಎಲ್ಲ ಎತ್ತಿ ನಿಲ್ಲಿಸಿ, ಲಾಕರ್ ಬಾಗಿಲು ತೆಗೆದಿಟ್ಟು, ಫ್ರಿಜ್ ಬಾಗಿಲಿಗೆ ಟವೆಲ್ ಸಿಕ್ಕಿಸಿ ತೆರೆದೇ ಬಿಡಿ. ಅಕ್ಕಿ ಬೇಳೆ ಒಂದು ಕಾಳೂ ಒಳಗಿರ್ಬಾರ್ದು. ಉಪ್ಪಿನ ಭರಣಿನೂ ಮನೆಗೆ ತಗೊಂಡು ಹೋಗಿ, ನಾನೊಂದು ವರ್ಷ ಮರ್ತು ಬಿಟ್ಟು ಬಂದಿದ್ದೆ, ನವೆಂಬರಲ್ಲಿ ಹೋಗಿ ನೋಡಿದ್ರೆ ಅದು ನೀರಾಗಿ ಹೊರಗೆ ಹರಿದು ಲಾಕರ್ ಹಲಗೆ ಪೂರ್ತಿ ನೆನೆದಿತ್ತು.