ಮುದ್ದೆ ತಿಂದೆ ಎಂದವರ ಮಾತು ನಂಬಿ ಕೆಟ್ಟೆ

ಮಂಡ್ಯದಲ್ಲಿ ಹಲ್ಲು ಕಟ್ಟಲು ಕುಳಿತ ಹೊಸದರಲ್ಲಿ, ಕಟ್ಟಿಸಿದ ಹಲ್ಲಿನ ಸೆಟ್ ಹಾಕಿಸಿಕೊಂಡವರು ಮರಳಿ ಬಂದಾಗ ‘ಊಟ ಆಗುತ್ತಿದೆಯೇ?’ ಎಂದು ಕೇಳುತ್ತಿದ್ದೆ. ‘ಮುದ್ದೆ ಸಲೀಸಾಗಿ ಹೋಗುತ್ತದೆ ಸ್ವಾಮಿ’ ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ ಎಂಬುದು ಈ ಊರಿನವನೇ ಆದ ನನಗೆ ಹೊಳೆಯಲು ಎರಡು ವರ್ಷ ಹಿಡಿಯಿತು. ಈಗ ನಾಟಿ ಕೋಳಿಯ ತುಂಡನ್ನು ಏನು ಮಾಡಿದಿರಿ, ಚಕ್ಕುಲಿ ಮುರಿಯಿತೇ ಎಂದು ಕೇಳುತ್ತೇನೆ. ಆಗ ಹೊರಬರುವ ದೂರು ಹೆಚ್ಚಾಗಿ ಕೆಳಗಿನ ಸೆಟ್ಟಿನದೇ.

ಮೇಲಿನದಕ್ಕೆ ಅಂಗುಳಿನ ಆಸರೆಯಿದೆ. ಎಂಜಲಿನ ತೆಳುಪದರವೇ ಅದನ್ನು ಕಚ್ಚಿಸಿ ಹಿಡಿಯುತ್ತದೆ. ಕೆಳಗಿನದು ಲಾಳದ ಆಕಾರದ ಕಿರಿದಾದ ಪಟ್ಟಿ. ನಾಲಿಗೆ ಒಳಗಿನಿಂದ, ಕೆನ್ನೆ ಹೊರಗಿನಿಂದ ತಳ್ಳುತ್ತಿರುತ್ತವೆ. ಹಲ್ಲು ಹೋದ ಮೇಲೆ ಮೂಳೆ ಸವೆಯುವುದೂ ಕೆಳದವಡೆಯಲ್ಲೇ ಹೆಚ್ಚು. ಮೇಲಿನದರ ಸುಮಾರು ನಾಲ್ಕು ಪಟ್ಟು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ತಿರುಪಿನಂಥ ಬೇರು) ಆಧರಿಸಿದ ಸೆಟ್ಟೇ ಮೊದಲ ಆಯ್ಕೆಯಾಗಲಿ ಎಂದದ್ದು ಇದಕ್ಕೇ.

ಅದನ್ನು ಓದಿಕೊಂಡ ಹುಮ್ಮಸ್ಸಿನಲ್ಲಿ ಕಂಡವರಿಗೆಲ್ಲ ಇಂಪ್ಲಾಂಟ್ ಹೇಳುತ್ತಿದ್ದೆ. ಅಜ್ಜಿಯೊಬ್ಬರು ‘ನನ್ನ ಸೆಟ್ಟನ್ನು ನನ್ನ ನಾಲಿಗೆಯೇ ಹಿಡಿದುಕೊಂಡಿದೆ ಕಣಪ್ಪ, ತಿರುಪು ಯಾಕೆ?’ ಎಂದರು. ಬಾಯಿ ನೋಡಿದೆ. ಮೂಳೆ ಇನ್ನೂ ಎತ್ತರವಾಗಿತ್ತು, ಸೆಟ್ ಅಲುಗಾಡುತ್ತಿರಲಿಲ್ಲ. ಅವರು ಹೇಳಿದ್ದೇ ಸರಿ. ಕರೆಯುವ ಹಸುವಿನ ಬೆಲೆಯಷ್ಟು ಹಣವನ್ನು ಅವರಿಂದ ಸುಮ್ಮನೆ ಖರ್ಚು ಮಾಡಿಸುತ್ತಿದ್ದೆ.

ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರ ಕಥೆ ಬೇರೆ. ಕೆಳಗಿನ ಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ‘ನಾಲ್ಕು ಜನರೆದುರು ಹಾಕುತ್ತೇನೆ ಡಾಕ್ಟರೇ, ಊಟಕ್ಕೆ ಕುಳಿತರೆ ತೆಗೆಯುತ್ತೇನೆ.’ ದವಡೆಯ ಮೂಳೆ ಹಿಂಭಾಗದಲ್ಲಿ ಚಪ್ಪಟೆಯಾಗಿತ್ತು. ಮುಂದೆ, ಕೋರೆಹಲ್ಲಿನ ಜಾಗದಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಕಾದು, ಅಲ್ಲಿ ಎರಡು ಟೈಟಾನಿಯಂ ಇಂಪ್ಲಾಂಟ್ ಕೂರಿಸಿದೆ. ಮೂಳೆ ಕಚ್ಚಿಕೊಳ್ಳಲು ಮೂರು ತಿಂಗಳು ಬಿಟ್ಟೆ. ಬಳಿಕ ಅವುಗಳ ಮೇಲೆ ಗುಂಡು, ಸೆಟ್ಟಿನ ಒಳಬದಿಗೆ ರಬ್ಬರ್ ಉಂಗುರ. ಒತ್ತಿದರೆ ಅಂಗಿಯ ಪ್ರೆಸ್ ಬಟನ್ನಿನಂತೆ ಟಕ್ಕೆಂದು ಕೂರುತ್ತದೆ. ರಾತ್ರಿ ತೆಗೆದು ತೊಳೆಯಲೇಬೇಕು. ಅಲುಗಾಡದ ಹಲ್ಲು ಎಂದುಕೊಂಡು ಬಂದವರಿಗೆ ಈ ಮಾತು ಮೊದಲೇ ಹೇಳದಿದ್ದರೆ ಜಗಳವಾಗುತ್ತದೆ. ಮೇಲಿನದು ಮಾಮೂಲಿ ಸೆಟ್ಟೇ ಸಾಕಾಯಿತು.

ಎಂಟು ತಿಂಗಳಿಗೆ ಸೆಟ್ ಬಿರುಕು ಬಿಟ್ಟಿತು, ಸರಿಯಾಗಿ ಇಂಪ್ಲಾಂಟಿನ ಮೇಲೆಯೇ. ತಪ್ಪು ನನ್ನದು: ಉಂಗುರಕ್ಕೆ ಜಾಗ ಕೊರೆದು ಅಲ್ಲಿ ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ತೆಳುವಾಗಿಸಿದ್ದೆ. ಹೊಸದನ್ನು ಒಳಗೆ ಲೋಹದ ಜಾಲರಿ ಇಟ್ಟು, ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟೆ. ಆಮೇಲೆ ಜಾಲರಿ ಇಲ್ಲದೆ ಇಂಥ ಸೆಟ್ ಮಾಡಿಲ್ಲ.

ಸಡಿಲವಾದ ಉಂಗುರ ಬದಲಿಸಲು ವರ್ಷಕ್ಕೊಮ್ಮೆ ಬರುತ್ತಾರೆ. ಕಳೆದ ಸಲ ಕಬ್ಬಿನ ಜಲ್ಲೆ ಸಿಗಿಯಬಹುದೇ ಎಂದು ಕೇಳಿದರು. ಕಬ್ಬಿನ ಹಾಲು ಕುಡಿಯಿರಿ ಎಂದೆ. ಮುಖ ಸಿಂಡರಿಸಿಕೊಂಡು ಹೋದರು.