ಪ್ರಬಂಧಕ್ಕೆ ಮೊದಲು ಚೀಟಿ ಬರೆಸಿ

ಹೈಸ್ಕೂಲ್ ಮಕ್ಕಳಿಂದ ಆಧಾರ ಕೊಟ್ಟು ವಾದಿಸುವ ಪ್ರಬಂಧ ಬರೆಸುವಾಗ, ನೋಟ್‌ಬುಕ್ ತೆಗೆಸುವ ಮೊದಲು ಚೀಟಿ ಬರೆಸಿ. ಒಂದು ಚೀಟಿಗೆ ಒಂದೇ ಮಾಹಿತಿ, ಕೆಳಗೆ ಅದು ಎಲ್ಲಿ ಸಿಕ್ಕಿತು ಅಂತ. ಹಿಂಬದಿಯಲ್ಲಿ "ಅದಕ್ಕೇನೀಗ?" ಎಂಬ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಒಂದು ಸಾಲಿನ ಉತ್ತರ. ಆಮೇಲೆ ಪಕ್ಕದವರು ಅದನ್ನು ತಿರುಗಿಸಿ ನೋಡಿ ಪ್ರಶ್ನೆ ಕೇಳಬೇಕು. ಮಕ್ಕಳಿಗೆ ಮಾಹಿತಿ ಸುಲಭವಾಗಿ ಸಿಗುತ್ತದೆ. ಬಿಟ್ಟುಹೋಗುವುದು ಮಾಹಿತಿಗೂ ತೀರ್ಮಾನಕ್ಕೂ ನಡುವಿನ ಕೊಂಡಿ, ಚೀಟಿಯಲ್ಲಿ ಅದು ಥಟ್ಟನೆ ಕಾಣುತ್ತದೆ. ವಿಷಯ ಪ್ಲಾಸ್ಟಿಕ್ ನಿಷೇಧ ಅಂದುಕೊಳ್ಳಿ. ಚೀಟಿಯ ಮುಂಬದಿಯಲ್ಲಿ: "ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಕೆಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರದ ನಿಷೇಧವೂ ಬಂತು." ಹಿಂಬದಿಯಲ್ಲಿ: "ಅಂದರೆ ಮೊದಲನೆಯದು ಸೋತಿತು." ಇಲ್ಲಿ ಪಕ್ಕದವರು ಹಿಡಿಯಬೇಕು: ಎರಡನೆಯದು ಇಡೀ ದೇಶಕ್ಕೆ ಬಂದದ್ದು, ನಮ್ಮ ರಾಜ್ಯದ್ದು ಸೋತಿತು ಅಂತ ಇದರಿಂದ ಹೇಗೆ ಹೇಳುತ್ತೀಯ? ಊರಿನ ಸಂತೆಯಲ್ಲಿ ಎಷ್ಟು ಅಂಗಡಿಯವರು ಈಗಲೂ ಆ ಚೀಲ ಕೊಡುತ್ತಾರೆ ಅಂತ ಎಣಿಸಿ ತಂದರೆ ವಾದಕ್ಕೆ ಕಾಲು ಬರುತ್ತದೆ. ಇಂಥ ಒಂದು ಪ್ರಶ್ನೆ ನಮ್ಮ ಕೆಂಪು ಶಾಯಿಗಿಂತ ಜಾಸ್ತಿ ಕಲಿಸುತ್ತದೆ. "ಪರಿಸರ ರಕ್ಷಣೆ ಎಲ್ಲರ ಹೊಣೆ" ಥರದ ವಿಷಯಕ್ಕೆ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಎದುರು ವಾದವೇ ಇರುವುದಿಲ್ಲ ಅಲ್ವಾ? ತಮಗೆ ಬೇಕಾದ ಮಾಹಿತಿಯನ್ನಷ್ಟೇ ಆರಿಸಿಕೊಳ್ಳುವುದನ್ನೂ ಚೀಟಿ ತಡೆಯುವುದಿಲ್ಲ. ಅದಕ್ಕೆ ತಮ್ಮ ಮಾತಿಗೆ ವಿರುದ್ಧವಾದ ಒಂದು ಚೀಟಿಯಾದರೂ ಇರಲೇಬೇಕು ಅಂತ ಮೊದಲೇ ಹೇಳಿಬಿಡಿ.