ಘಟ್ಟ ಅಳಿಸಿ ಮಳೆ ಹುಡುಕಿದ್ದು

ಈ ಕೆಲಸ ಶುರುವಾಗಿದ್ದು ಅಪ್ಪಯ್ಯನಿಂದ. ನಮ್ಮದು ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟ. ಒಂದು ಜುಲೈನಲ್ಲಿ ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದೆವು. ಅಪ್ಪಯ್ಯ ಕೇಳಿದರು, “ಈ ಘಟ್ಟ ಇಲ್ದೇ ಇದ್ರೆ ನಮಗೆ ಮಳೆ ಎಷ್ಟು ಕಮ್ಮಿ ಆಗ್ತಿತ್ತು ಮಾರಾಯ? ನಿನ್ ಮಿಷನ್ ಹತ್ರ ಕೇಳೋಕಾಗುತ್ತಾ?”

ಆಗುತ್ತೆ ಅಂದುಬಿಟ್ಟೆ. ಆಗ ನಾನು ಬೆಂಗಳೂರಿನಲ್ಲಿ ಹವಾಮಾನದ ಮಾಡೆಲ್, ಅಂದರೆ ಗಾಳಿ ಮಳೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂ, ಓಡಿಸುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳಿಗೆ ಬರುವ ಧೈರ್ಯವೇ ಬೇರೆ.

ಬೆಂಗಳೂರಿಗೆ ಈ ಕೆಲಸ ಹೊಸದಲ್ಲ. ವಿಮಾನ ಸಂಶೋಧನೆಯ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಎನ್ನುವ, ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಲೆಕ್ಕ ಮಾಡುವ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದರು. ಕಂಡಕ್ಟರ್‌ಗಳು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತಲೇ ಕೂಗುವ ಐಐಎಸ್‌ಸಿಯಲ್ಲಿ 2015ರಲ್ಲಿ ಸಹಸ್ರಟಿ ಎನ್ನುವ ಸೂಪರ್‌ಕಂಪ್ಯೂಟರ್ ಬಂತು, 2022ರಲ್ಲಿ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಬಂತು. ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ನಾನು ಬಳಸಿದ ಯಂತ್ರ ಯಾವುದು ಅನ್ನೋದು ಇಲ್ಲಿ ಬೇಡ. ಮುಂದೆ ಹೇಳುವ ತಪ್ಪುಗಳೆಲ್ಲ ನನ್ನವು, ಯಂತ್ರದ್ದಲ್ಲ. ಅದನ್ನು ಕಣ್ಣಾರೆ ನೋಡಿದ್ದೂ ಒಂದೇ ಸಲ. ಉಳಿದಂತೆ ಎಲ್ಲವೂ ಮತ್ತಿಕೆರೆಯ ರೂಮಿನಿಂದ, ಲ್ಯಾಪ್‌ಟಾಪ್‌ನ ಕಪ್ಪು ಪರದೆಯ ಮೇಲೆ. ರೂಮಿನಲ್ಲಿ ಕರೆಂಟ್ ಹೋದರೂ ಅಲ್ಲಿ ಭೂಮಿ ತಿರುಗುತ್ತಲೇ ಇರುತ್ತಿತ್ತು.

ಮಾಡೆಲ್‌ನ ಹೆಸರು ಸಿಇಎಸ್‌ಎಂ. ಅಮೆರಿಕದ ಬೌಲ್ಡರ್‌ನಲ್ಲಿರುವ ಎನ್‌ಸಿಎಆರ್ ಎನ್ನುವ ಹವಾಮಾನ ಸಂಶೋಧನಾ ಕೇಂದ್ರದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹೆಚ್ಚಿನ ಭಾಗ ಫೋರ್ಟ್ರಾನ್ ಎನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಭೂಮಿಯ ಮೇಲೆ ಬಲೆ ಹಾಸಿದ ಹಾಗೆ ಅಡ್ಡಕ್ಕೆ 288, ಉದ್ದಕ್ಕೆ 192 ಚೌಕ ಮಾಡುತ್ತದೆ. ಪ್ರತಿ ಚೌಕದ ಮೇಲೂ ಗಾಳಿಯ 32 ಪದರ. ಒಟ್ಟು 17 ಲಕ್ಷ 69 ಸಾವಿರ ಚಿಲ್ಲರೆ ಡಬ್ಬಿಗಳು. ಪ್ರತಿ ಡಬ್ಬಿಯಲ್ಲಿ ಗಾಳಿ ಯಾವ ಕಡೆ, ಬಿಸಿ ಎಷ್ಟು, ತೇವ ಎಷ್ಟು ಅಂತ ಅರ್ಧ ಗಂಟೆಗೊಮ್ಮೆ ಹೊಸ ಲೆಕ್ಕ. ಒಂದು ವರ್ಷ ಮುಗಿಯಲು ಅಂಥ 17,520 ಹೆಜ್ಜೆ ಬೇಕು. ಕಡಲಿನ ಲೆಕ್ಕವನ್ನು ನಾನು ಬಿಟ್ಟೆ. ಕಡಲ ಮೇಲ್ಮೈಯ ಬಿಸಿಯನ್ನು ಹೊರಗಿನಿಂದ ಕೊಟ್ಟೆ, ಕೆಲಸ ಬೇಗ ಆಗಲಿ ಅಂತ.

ಇಷ್ಟೊಂದು ಡಬ್ಬಿಗಳನ್ನು ಕೋರ್‌ಗಳಿಗೆ, ಅಂದರೆ ಯಂತ್ರದೊಳಗೆ ಲೆಕ್ಕ ಮಾಡುವ ಘಟಕಗಳಿಗೆ, ಹಂಚುತ್ತಾರೆ. ನಾನು 384 ಕೋರ್ ಕೇಳಿದೆ. ನಮ್ಮ ಒಂದು ದಿನಕ್ಕೆ ಮಾಡೆಲ್‌ನ ಸುಮಾರು 6 ವರ್ಷ ಓಡಿತು. 768 ಕೇಳಿದರೆ 12 ಆಗುತ್ತೆ ಅಂದುಕೊಂಡಿದ್ದೆ, 9 ಕೂಡ ದಾಟಲಿಲ್ಲ. ಇದು ಮದುವೆ ಮನೆಯ ಪಂಕ್ತಿ ಊಟ ಇದ್ದ ಹಾಗೆ. ಕಡೆಯವನು ಮಜ್ಜಿಗೆ ಅನ್ನ ಮುಗಿಸುವವರೆಗೂ ಯಾರೂ ಏಳುವಂತಿಲ್ಲ. ಪ್ರತಿ ಹೆಜ್ಜೆಗೂ ಪಕ್ಕದವನ ಅಂಚಿನಲ್ಲಿ ಏನಾಗಿದೆ ಅಂತ ತಿಳಿದುಕೊಂಡೇ ಮುಂದಿನ ಹೆಜ್ಜೆ. ಎಲೆ ಜಾಸ್ತಿ ಹಾಕಿದಷ್ಟೂ ಕಾಯುವುದು ಜಾಸ್ತಿ. ಹಗಲಿರುವ ಕಡೆ ಬಿಸಿಲಿನ ಲೆಕ್ಕ ಇರುತ್ತದೆ, ರಾತ್ರಿ ಇರುವ ಕಡೆ ಅದು ಇಲ್ಲ. ಹಾಗಾಗಿ ಹಗಲಿನ ಚೌಕಗಳನ್ನು ರಾತ್ರಿಯ ಚೌಕಗಳ ಜೊತೆ ಸೇರಿಸಿ ಒಬ್ಬನಿಗೇ ಬಡಿಸುವ ಉಪಾಯವೂ ಇದರಲ್ಲಿದೆ. ಮೊದಲ ಸಲ ಇದನ್ನು ಓದಿದಾಗ ಬರೆದವರಿಗೆ ಕೈ ಮುಗಿಯಬೇಕು ಅನ್ನಿಸಿತ್ತು.

ಈಗ ಘಟ್ಟ ಅಳಿಸುವ ಕೆಲಸ. ನೆಲದ ಎತ್ತರ ಒಂದು ಫೈಲ್‌ನಲ್ಲಿರುತ್ತದೆ. ನಮ್ಮ ಭಾಗದ ಚೌಕಗಳಲ್ಲಿ ಅದನ್ನು ಸೊನ್ನೆ ಮಾಡಿದೆ. ಪೈಥಾನ್ ಪ್ರೋಗ್ರಾಂನಲ್ಲಿ ನಾಲ್ಕು ಸಾಲು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರು ಒಂದೇ ಏಟಿಗೆ ಚೆನ್ನೈ ಮಟ್ಟಕ್ಕೆ ಇಳಿಯಿತು. ಪಾಪ, ಇಲ್ಲಿನ ಹವೆ ಹೊಗಳಿಕೊಳ್ಳುವವರಿಗೆ ಹೇಳಲಿಲ್ಲ.

ಐದು ವರ್ಷ ಓಡಿಸಿ ನಮ್ಮ ಲ್ಯಾಬ್‌ನ ಮೇಡಂಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, “ಎಸ್‌ಜಿಎಚ್ ಮುಟ್ಟಿದ್ಯಾ?” ಮುಟ್ಟಿರಲಿಲ್ಲ. ಚೌಕದ ಸರಾಸರಿ ಎತ್ತರದ ಜೊತೆಗೆ, ಚೌಕದ ಒಳಗೆ ನೆಲ ಎಷ್ಟು ಏರುಪೇರಾಗಿದೆ ಅನ್ನುವ ಅಂಕಿಯೂ ಅದೇ ಫೈಲ್‌ನಲ್ಲಿ ಬೇರೆಯಾಗಿ ಇರುತ್ತದೆ. ಗುಡ್ಡಗಳು ಗಾಳಿಯನ್ನು ಎಷ್ಟು ತಡೆಯುತ್ತವೆ ಅನ್ನುವ ಲೆಕ್ಕಕ್ಕೆ ಅದು ಬೇಕು. ನಾನು ಗುಡ್ಡ ತೆಗೆದಿದ್ದೆ, ಗುಡ್ಡದ ದೆವ್ವ ಅಲ್ಲೇ ಇತ್ತು. ಬಯಲಿನ ಮೇಲೆ ಬೀಸುವ ಗಾಳಿ, ಇಲ್ಲದ ಗುಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿತ್ತು. ಆ ಐದು ವರ್ಷ ಕಸಕ್ಕೆ.

ಎರಡನೇ ಸಲ ಎರಡನ್ನೂ ಸರಿ ಮಾಡಿದೆ, ಅಂಚಿನಲ್ಲಿ ನೆಲ ಮೆಲ್ಲಗೆ ಇಳಿಯುವ ಹಾಗೆ ನಯ ಮಾಡಿದೆ. ಯಂತ್ರಕ್ಕೆ ಒಪ್ಪಿಸುವ ಒಂದು ಜಾಬ್‌ಗೆ 24 ಗಂಟೆ ಮಿತಿ. ಮುಗಿದಾಗ ಮಾಡೆಲ್ ತನ್ನ ಸ್ಥಿತಿಯನ್ನು ರೀಸ್ಟಾರ್ಟ್ ಫೈಲ್‌ಗೆ ಬರೆದಿಟ್ಟು ನಿಲ್ಲುತ್ತದೆ, ಮತ್ತೆ ಕ್ಯೂನಲ್ಲಿ ನಿಲ್ಲಬೇಕು. ಕ್ಯೂ ಬಗ್ಗೆ ಏನು ಹೇಳಲಿ. ರೇಷನ್ ಅಂಗಡಿ ನೋಡಿದವರಿಗೆ ವಿವರಿಸುವುದೇ ಬೇಡ.

ಫಲಿತಾಂಶ ನೋಡಿ ಎದೆ ಝಲ್ಲೆಂದಿತು. ಕರ್ನಾಟಕದಲ್ಲಿ ಜೂನ್ ಪೂರ್ತಿ ಒಣ ಒಣ, ಮುಂಗಾರು ಶುರುವಾಗಿದ್ದೇ ಜುಲೈಗೆ! ಘಟ್ಟ ತೆಗೆದರೆ ಮಳೆ ಒಂದು ತಿಂಗಳು ತಡ! ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ರಾತ್ರಿ ಮಲಗಿದವನಿಗೆ ಏನೋ ಅನುಮಾನ. ಎದ್ದು ಘಟ್ಟ ಇರುವ ರನ್, ಅಂದರೆ ಏನೂ ಅಳಿಸದೆ ಓಡಿಸಿದ್ದನ್ನು, ತೆರೆದು ನೋಡಿದೆ. ಅಲ್ಲೂ ಮುಂಗಾರು ಜುಲೈಗೇ ಬಂದಿತ್ತು. ಈ ಮಾಡೆಲ್ ತಿಂಗಳ ಸರಾಸರಿಗೆ ಹಾಕುವ ತಾರೀಕು ತಿಂಗಳು ಮುಗಿದ ಕ್ಷಣದ್ದು. ಜೂನ್‌ನ ಮಳೆಯ ಮೇಲೆ ಜುಲೈ 1 ಅಂತ ಬರೆದಿರುತ್ತದೆ. ನನ್ನ ಪೈಥಾನ್ ಅದನ್ನು ಜುಲೈ ಅಂತ ಓದಿತ್ತು. ಮಳೆಗಾಲ ಅಂತ ನಾನು ಕೂಡಿಸಿದ್ದು ಮೇನಿಂದ ಆಗಸ್ಟ್‌ವರೆಗೆ. ಈ ಹಳ್ಳಕ್ಕೆ ಬೀಳದವರು ನಮ್ಮ ಲ್ಯಾಬ್‌ನಲ್ಲಿ ಒಬ್ಬರೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಯಾರೂ ಮೊದಲೇ ಹೇಳಿರಲಿಲ್ಲ ನೋಡಿ.

ತಾರೀಕು ಸರಿ ಮಾಡಿದ ಮೇಲೂ ಒಂದು ವ್ಯತ್ಯಾಸ ಉಳಿಯಿತು. ಕರಾವಳಿಯಲ್ಲಿ ಮಳೆ ಸ್ವಲ್ಪ ಕಮ್ಮಿ, ಒಳನಾಡಿನಲ್ಲಿ ಅಲ್ಲಲ್ಲಿ ಜಾಸ್ತಿ. ನೋಡಲು ಚಂದದ ನಕ್ಷೆ. ಮೇಡಂ ನಕ್ಷೆ ನೋಡಿ ಹೇಳಿದರು, “ಘಟ್ಟ ಇರುವ ರನ್ ಇನ್ನೊಂದು ಮಾಡು. ಏನೂ ಬದಲಾಯಿಸ್ಬೇಡ. ಶುರುವಿನಲ್ಲಿ ಉಷ್ಣತೆಯನ್ನು ಮಾತ್ರ ಒಂದು ಚೂರು ಅಲುಗಾಡಿಸು.”

ಆ ಚೂರು ಎಷ್ಟು ಅಂದರೆ, ದಶಮಾಂಶ ಬಿಂದುವಿನ ನಂತರ 14ನೇ ಸ್ಥಾನದಲ್ಲಿ. ಅಷ್ಟು ಸಣ್ಣ ವ್ಯತ್ಯಾಸ ಅಳೆಯುವ ಥರ್ಮಾಮೀಟರ್ ಭೂಮಿಯ ಮೇಲೆ ಇಲ್ಲ. 1961ರಲ್ಲಿ ಹವಾಮಾನ ವಿಜ್ಞಾನಿ ಲೊರೆಂಜ್ ಕಂಪ್ಯೂಟರ್‌ಗೆ 0.506127 ಅನ್ನುವ ಬದಲು 0.506 ಅಂತ ಕೊಟ್ಟು, ಕಾಫಿ ಕುಡಿದು ಬಂದು ನೋಡುವಷ್ಟರಲ್ಲಿ ಬೇರೆಯೇ ಹವಾಮಾನ ಬಂದಿತ್ತಂತೆ. ಅದನ್ನು ಓದಿದ್ದೆ. ಆದರೂ ನನ್ನ ಕೈಯಲ್ಲೇ ಆಗುವವರೆಗೆ ನಂಬಿಕೆ ಇರಲಿಲ್ಲ. ಮೊದಲ ಕೆಲವು ದಿನ ಎರಡೂ ರನ್‌ಗಳು ಅವಳಿಗಳು. ಒಂದೆರಡು ತಿಂಗಳಲ್ಲಿ ಒಂದರ ಮೋಡಕ್ಕೂ ಇನ್ನೊಂದರ ಮೋಡಕ್ಕೂ ಸಂಬಂಧವೇ ಇಲ್ಲ. ಐದು ವರ್ಷ ಮುಗಿದಾಗ ಈ ಅವಳಿಗಳ ಮಳೆಯಲ್ಲಿದ್ದ ವ್ಯತ್ಯಾಸವೂ ಸುಮಾರು ಅಷ್ಟೇ ಇತ್ತು, ಘಟ್ಟ ತೆಗೆದು ನಾನು ಕಂಡುಹಿಡಿದೆ ಅಂದುಕೊಂಡಿದ್ದಷ್ಟು.

ಹಾಗಾಗಿ 30 ವರ್ಷ ಓಡಿಸಿದೆ. ಚಂದದ ನಕ್ಷೆಯ ಬಹುಪಾಲು ಕರಗಿಹೋಯಿತು. ಘಟ್ಟ ಇದ್ದರೂ ಒಂದೇ, ಇಲ್ಲದಿದ್ದರೂ ಹೆಚ್ಚುಕಮ್ಮಿ ಒಂದೇ ಅನ್ನುತ್ತಿತ್ತು ಯಂತ್ರ. ಮಲೆನಾಡಿನಲ್ಲಿ ಹುಟ್ಟಿದವನು ಇದನ್ನು ಒಪ್ಪೋಕಾಗುತ್ತಾ?

ಕೊನೆಗೆ ನಾನು ಮಾಡಿದ್ದು ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಘಟ್ಟ *ಇರುವ* ರನ್‌ನಲ್ಲಿ ಘಟ್ಟ ಹೇಗಿದೆ ಅಂತ ಬಿಡಿಸಿ ನೋಡಿದೆ. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕದ ಅಗಲ ಸುಮಾರು 135 ಕಿಲೋಮೀಟರ್. ಉಡುಪಿಯ ಕಡಲತೀರದಿಂದ ಅಳೆದರೆ ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ಎಲ್ಲ ದಾಟುತ್ತದೆ. ಅಷ್ಟಕ್ಕೂ ಸೇರಿ ಒಂದೇ ಎತ್ತರ, ಒಂದೇ ಮಳೆ. 1,900 ಮೀಟರ್‌ಗೆ ಹತ್ತಿರದ ಕುದುರೆಮುಖ ಅದರಲ್ಲಿ ಇಲ್ಲವೇ ಇಲ್ಲ. ಗೋಡೆಯ ಹಾಗೆ ನಿಂತ ಘಟ್ಟದ ಬದಲು, ಕಡಲಿಂದ ಬಯಲುಸೀಮೆಗೆ ಹತ್ತುವ ಒಂದು ಉದ್ದನೆಯ ಇಳಿಜಾರು. ನಾನು ಇಷ್ಟು ದಿನ ಅಳಿಸಿದ್ದು ಆ ಇಳಿಜಾರನ್ನು. ಘಟ್ಟವನ್ನು ಚೌಕಗಳು ಮೊದಲೇ ಅಳಿಸಿಬಿಟ್ಟಿದ್ದವು.

ಚೌಕ ಸಣ್ಣ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಚೌಕದ ಅಗಲ ಅರ್ಧ ಮಾಡಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟು. ಒಂದು ಹೆಜ್ಜೆಯಲ್ಲಿ ಗಾಳಿ ಒಂದು ಚೌಕ ಹಾರಿ ಹೋಗಬಾರದು, ಹಾಗಾಗಿ ಹೆಜ್ಜೆಯೂ ಅರ್ಧ ಆಗಬೇಕು. ಒಟ್ಟು ಎಂಟು ಪಟ್ಟು ಕೆಲಸ. ಇಡೀ ಭೂಮಿಗೆ ಅದನ್ನು ಮಾಡುವ ಪಾಲು ನನಗೆ ಎಲ್ಲಿ ಸಿಗಬೇಕು. ಬದಲಿಗೆ ಕರ್ನಾಟಕದ ಸುತ್ತ ಮಾತ್ರ ಡಬ್ಲ್ಯುಆರ್‌ಎಫ್ ಹಾಕಿದೆ, ಅದು ಒಂದು ಪ್ರದೇಶಕ್ಕಷ್ಟೇ ಓಡಿಸಬಹುದಾದ ಮಾಡೆಲ್. ಹೊರಗೆ 9 ಕಿಲೋಮೀಟರ್ ಚೌಕ, ಒಳಗೆ 3. ಒಳಗಿನ ಹೆಜ್ಜೆ 18 ಸೆಕೆಂಡ್. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದೇ ಮಳೆಗಾಲಕ್ಕೆ 5 ಲಕ್ಷ 85 ಸಾವಿರ ಹೆಜ್ಜೆ. ಎರಡು ವಾರ ಹಿಡಿಯಿತು.

ಬಂದ ನಕ್ಷೆಯನ್ನು ಆಫೀಸಿನಲ್ಲಿ ಪ್ರಿಂಟ್ ಹಾಕಿಕೊಂಡೆ. ಘಟ್ಟದ ಸಾಲು ಗುರುತು ಸಿಗುತ್ತಿತ್ತು. ಕಡಲ ಕಡೆಯ ಮೈಯಲ್ಲಿ ಕಡು ನೀಲಿ, ಆಚೆ ಇಳಿದ ಕೂಡಲೇ ಬಣ್ಣ ತೆಳುವಾಗಿ, ಚಿತ್ರದುರ್ಗದ ಹತ್ತಿರ ಹೋಗುವಷ್ಟರಲ್ಲಿ ಬಿಳಿ. ಒಂದೇ ವರ್ಷದ ರನ್, ಇದರಿಂದ ಅಪ್ಪಯ್ಯನ ‘ಎಷ್ಟು’ ಅನ್ನುವ ಪ್ರಶ್ನೆಗೆ ಅಂಕಿ ಕೊಡಲು ಬರುವುದಿಲ್ಲ. ಅವಳಿಗಳ ಪಾಠ ಇಲ್ಲಿಗೂ ಸೇರುತ್ತದೆ.

ಆ ಪ್ರಿಂಟ್ ಹಿಡಿದು ಊರಿಗೆ ಹೋದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು, “ನಮ್ ತೋಟ ಯಾವ ಚೌಕ?” ಅಂದರು. ತೋರಿಸಿದೆ. ಆ ಜುಲೈಗೆ ಮಾಡೆಲ್ ಕೊಟ್ಟ ಮಳೆಯನ್ನು ಇಂಚಿಗೆ ಬದಲಾಯಿಸಿ ಹೇಳಿದೆ. ಒಳಗೆ ಹೋಗಿ ಮಳೆ ಡೈರಿ ತಂದರು. ಮಳೆಮಾಪಕದ ಲೆಕ್ಕ, ದಿನಾ ಬೆಳಗ್ಗೆ ಎಂಟಕ್ಕೆ ಬರೆದಿದ್ದು. ತಿಂಗಳ ಮೊತ್ತ ಪರವಾಗಿಲ್ಲ, ಹತ್ತಿರವೇ ಇತ್ತು. ದಿನ ದಿನ ಹೋಲಿಸಿದಾಗ ಅಪ್ಪಯ್ಯ ನಕ್ಕರು. ಅವರ ಪುಸ್ತಕದಲ್ಲಿ ಪುನರ್ವಸು ಮಳೆಯ ನಡುವೆ ನಾಲ್ಕು ದಿನ ಮಳೆ ಬಿಟ್ಟು ಹೊಳವಾಗಿತ್ತು, ಆಗಲೇ ಎರಡನೇ ಸಲ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿದ್ದು. ಯಂತ್ರದಲ್ಲಿ ಆ ನಾಲ್ಕು ದಿನ ಜಡಿ ಮಳೆ. “ನಿನ್ ಮಿಷನ್ ಮಾತು ಕೇಳಿದ್ರೆ ಅಷ್ಟೂ ಅಡಿಕೆ ಕೊಳೆ ಬಂದು ಉದುರ್ತಿತ್ತು” ಅಂದರು. ಮಾಡೆಲ್ ಹೇಳುವುದು ಆ ದಿನದ ಮಳೆಯನ್ನಲ್ಲ, ಮಳೆಗಾಲದ ಸ್ವಭಾವವನ್ನು ಅಂತ ವಿವರಿಸಿದೆ. “ಹೌದಾ” ಅಂದು ಡೈರಿಗಳ ಕಟ್ಟನ್ನೇ ನನ್ನ ಕೈಗಿಟ್ಟರು. 1987ರಿಂದ ಇದೆ.

ಈಗ ರಾತ್ರಿ ಜಾಬ್ ಕ್ಯೂನಲ್ಲಿ ಹಾಕಿ ಅದನ್ನು ಟೈಪ್ ಮಾಡುತ್ತೇನೆ. ಒಂದು ಇಂಚು 25.4 ಮಿಲಿಮೀಟರ್. 1991ರ ಜುಲೈವರೆಗೆ ಬಂದಿದ್ದೇನೆ. 17ನೇ ತಾರೀಕಿನ ಮೇಲೆ ಎಲೆಯಡಿಕೆಯ ಕಲೆ ಬಿದ್ದಿದೆ. 3.4 ಇಂಚೋ 8.4 ಇಂಚೋ ಗೊತ್ತಾಗುತ್ತಿಲ್ಲ. ಬೆಳಗ್ಗೆ ಫೋನ್ ಮಾಡಿ ಕೇಳಬೇಕು.